ಸ್ಟಡ್ ಗೋಡೆಯೊಳಗೆ ಕೇಬಲ್ ಅರ್ಧದಲ್ಲೇ ನಿಲ್ಲುತ್ತಿದೆ: ಸ್ವಿಚ್ಚಿನ ಜಾಗ ಬದಲಿಸುವುದು ಹೇಗೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಟೆಕ್ಸಸ್ಸಿನಲ್ಲಿರುವ ನಮ್ಮ ಮನೆ 1984ರಲ್ಲಿ ಕಟ್ಟಿದ್ದು. ಒಂದೇ ಅಂತಸ್ತು, ಮರದ ಸ್ಟಡ್‌ಗಳ (ನೆಟ್ಟಗೆ ನಿಲ್ಲಿಸಿದ ಕಂಬಗಳ) ಮೇಲೆ ಡ್ರೈವಾಲ್ (ಜಿಪ್ಸಮ್ ಹಲಗೆ) ಹೊಡೆದ ಗೋಡೆಗಳು. ಕೋಣೆಯ ಬಾಗಿಲು ತೆರೆಯುವ ದಿಕ್ಕನ್ನು ಬದಲಿಸಿದ ಮೇಲೆ ದೀಪದ ಸ್ವಿಚ್ಚು ಬಾಗಿಲ ಹಿಂದೆ ಸಿಕ್ಕಿಕೊಂಡಿದ್ದು, ಕತ್ತಲಲ್ಲಿ ಅದನ್ನು ತಡಕಾಡುವುದು ನಮ್ಮ ತಾಯಿಯವರಿಗೆ ಬಹಳ ಕಷ್ಟವಾಗಿದೆ. ಬಾಗಿಲ ಆಚೆ ಬದಿಗೆ ಕೇಬಲ್ ಒಯ್ಯಲು ಅಟ್ಟದಿಂದ ಗೋಡೆಯ ಮೇಲುಪಟ್ಟಿಗೆ ರಂಧ್ರ ಕೊರೆದು ಫಿಶ್ ಟೇಪ್ (ಗೋಡೆಯೊಳಗೆ ಕೇಬಲ್ ಎಳೆಯಲು ಬಳಸುವ ಉದ್ದನೆಯ ಬಾಗುವ ಪಟ್ಟಿ) ಇಳಿಬಿಟ್ಟೆ. ಸುಮಾರು 3 ಅಡಿ ಇಳಿದ ಮೇಲೆ ಅದು ಗಟ್ಟಿಯಾದ ಏನಕ್ಕೋ ತಾಗಿ ನಿಲ್ಲುತ್ತದೆ. ಹಳೆಯ ಬಾಕ್ಸಿನಲ್ಲಿ ಒಂದೇ ಕೇಬಲ್ ಇದ್ದು, ಕಪ್ಪು ಮತ್ತು ಬಿಳಿ ತಂತಿಗಳೆರಡೂ ಸ್ವಿಚ್ಚಿಗೇ ಸೇರಿವೆ. ಇವುಗಳಲ್ಲಿ ನ್ಯೂಟ್ರಲ್ ಯಾವುದು? ಹೊಸ ಕೇಬಲ್ಲನ್ನು ಅಲ್ಲೇ ಜೋಡಿಸಿ ಮೇಲೆ ಡ್ರೈವಾಲ್ ಮುಚ್ಚಿಬಿಡಬಹುದೇ?

ಉತ್ತರ:
ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅಪಾಯವಿರುವುದು ಅಲ್ಲಿ. ದಯವಿಟ್ಟು ಮುಚ್ಚಬೇಡಿ. ತಂತಿಗಳ ಜೋಡಣೆ ಇರುವ ಬಾಕ್ಸು ಯಾವಾಗಲೂ ಕೈಗೆ ಸಿಗುವಂತಿರಬೇಕು. ಜಾಯಿಂಟ್ ಸಡಿಲವಾಗಿ ಬಿಸಿಯಾದರೆ ಅದರ ಪಕ್ಕದಲ್ಲಿರುವುದು ಇಟ್ಟಿಗೆಯಲ್ಲ, ಒಣಮರ.

ನೀವು ಹೇಳಿದಂತಿದ್ದರೆ ಆ ಬಾಕ್ಸಿನಲ್ಲಿ ನ್ಯೂಟ್ರಲ್ ಇಲ್ಲವೇ ಇಲ್ಲ. ಫೇಸ್ ಮೊದಲು ದೀಪದ ಬಾಕ್ಸಿಗೆ ಬಂದು, ಒಂದು ತಂತಿಯಲ್ಲಿ ಸ್ವಿಚ್ಚಿಗೆ ಇಳಿದು, ಇನ್ನೊಂದರಲ್ಲಿ ದೀಪಕ್ಕೆ ಮರಳುವ ಈ ವ್ಯವಸ್ಥೆಗೆ ಸ್ವಿಚ್ ಲೂಪ್ ಎನ್ನುತ್ತಾರೆ. ಊರಿನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್ ಎಂದು ನೋಡಿ ಬೆಳೆದ ನಾವು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು: ಅಮೆರಿಕದಲ್ಲಿ ಕಪ್ಪು ಫೇಸ್, ಬಿಳಿ ನ್ಯೂಟ್ರಲ್, ಮತ್ತು ಲೂಪಿನಲ್ಲಿ ಆ ಬಿಳಿಯೂ ಫೇಸೇ.

ಅಟ್ಟಕ್ಕೆ ಹೋಗಲು ದಾರಿಯಿರುವುದರಿಂದ ಹಳೆಯ ಕೇಬಲ್ಲನ್ನು ನೆಚ್ಚಿಕೊಳ್ಳದೆ, ದೀಪದ ಬಾಕ್ಸಿನಿಂದಲೇ ಹೊಸ ಸ್ವಿಚ್ಚಿಗೆ ಕಪ್ಪು, ಕೆಂಪು, ಬಿಳಿ ಮತ್ತು ಅರ್ಥಿಂಗ್ ತಂತಿಗಳಿರುವ ಕೇಬಲ್ ಎಳೆಯಿರಿ. ಬ್ರೇಕರ್ 15 ಆಂಪಿಯರಿನದಾದರೆ 14 ಗೇಜ್ (ತಂತಿಯ ದಪ್ಪದ ಅಳತೆ), 20 ಆಂಪಿಯರಿನದಾದರೆ 12 ಗೇಜ್ ಬೇಕು. ಸ್ವಿಚ್ ಬಾಕ್ಸಿನಲ್ಲಿ ನ್ಯೂಟ್ರಲ್ ಒದಗಿಸಬೇಕೆಂಬ ನಿಯಮ ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಗೆ 2011ರ ಆವೃತ್ತಿಯಲ್ಲಿ ಸೇರಿದ್ದು, ಈ ಕೇಬಲ್ಲಿನಿಂದ ಅದೂ ಪೂರೈಸುತ್ತದೆ.

ಟೇಪ್ ತಾಗುತ್ತಿರುವುದು ಬಹುಶಃ ಎರಡು ಸ್ಟಡ್‌ಗಳ ನಡುವೆ ಅಡ್ಡಲಾಗಿ ಹೊಡೆದ ಮರದ ತುಂಡು. ಗೋಡೆಯೊಳಗಿನ ಟೊಳ್ಳು ಚಿಮಣಿಯಂತಾಗಿ ಬೆಂಕಿ ಮೇಲೇರದಿರಲೆಂದು ಅದನ್ನು ಇಡುತ್ತಾರೆ, ಆದ್ದರಿಂದ ತೆಗೆದುಹಾಕಬೇಡಿ. ಅದರ ಎದುರಿಗೆ ಡ್ರೈವಾಲಿನಲ್ಲಿ ಅಂಗೈಯಗಲದ ಕಿಂಡಿ ಕತ್ತರಿಸಿ, ಮರದ ಅಂಚಿನಲ್ಲಿ ಉಳಿಯಿಂದ ಸಣ್ಣ ಕಚ್ಚು ಮಾಡಿ ಕೇಬಲ್ ದಾಟಿಸಿ, ಮೇಲೆ 1/16 ಅಂಗುಲದ ಉಕ್ಕಿನ ತಗಡು ಹೊಡೆಯಿರಿ. ನಾಳೆ ಯಾರೋ ಚಿತ್ರಪಟ ತೂಗುಹಾಕಲು ಮೊಳೆ ಹೊಡೆದಾಗ ಕೇಬಲ್ಲನ್ನು ಉಳಿಸುವುದು ಆ ತಗಡು. ಉಳಿದ ಸಂದುಗಳಿಗೆ ಬೆಂಕಿ ತಡೆಯುವ ಸೀಲಂಟ್ ತುಂಬಿ. ಬ್ರೇಕರ್ ಆರಿಸಿದ ಮೇಲೂ, ಕೆಲಸ ಮಾಡುತ್ತಿದೆಯೆಂದು ಖಚಿತವಾದ ಟೆಸ್ಟರಿನಿಂದ ಪ್ರತಿ ತಂತಿಯನ್ನೂ ಪರೀಕ್ಷಿಸದೆ ಕೈಯಿಡಬೇಡಿ.

ಪ್ರಶ್ನೆ ಕೇಳಿದವರು:
ತಮಗೆ ಕೃತಜ್ಞತೆಗಳು. ಟೇಪ್ ನಿಂತ ಎತ್ತರದಲ್ಲೇ ತಾವು ಹೇಳಿದ ಅಡ್ಡಮರ ಸಿಕ್ಕಿತು. ದೀಪದ ಬಾಕ್ಸು ತೆರೆದು ನೋಡಿದಾಗ ಅದು ಸ್ವಿಚ್ ಲೂಪ್ ಎಂಬುದೂ ಖಚಿತವಾಯಿತು. ಕೆಂಪು ತಂತಿಯನ್ನು ದೀಪಕ್ಕೆ ಮರಳಲು ಬಳಸಿ, ಬಿಳಿಯ ತುದಿಗೆ ಟೊಪ್ಪಿ ಹಾಕಿ ಬಾಕ್ಸಿನಲ್ಲಿ ಮಡಚಿಟ್ಟಿದ್ದೇನೆ. ಹಳೆಯ ಕೇಬಲ್ಲಿನ ಎರಡೂ ತುದಿಗಳನ್ನು ಬಿಡಿಸಿಯಾಗಿದೆ. ನಗರಾಡಳಿತದ ತಪಾಸಣಾಧಿಕಾರಿ ಗುರುವಾರ ಬರುತ್ತಾರೆ. ಅವರು ನೋಡಿ ಒಪ್ಪುವವರೆಗೆ ಕಿಂಡಿಯನ್ನು ತೆರೆದೇ ಇಡುತ್ತೇನೆ.