ಅಪ್‌ಡೇಟ್: ದೊಡ್ಡಮ್ಮನಿಗೆ ಜಾಗ ಸಿಕ್ಕಿತು

ಕ್ಯಾನ್ಸರ್ ಕೊನೆ ಹಂತದಲ್ಲಿರುವ ದೊಡ್ಡಮ್ಮನನ್ನು ಮನೆ ಹತ್ತಿರದ ಒಂದು ಉಚಿತ ಆಶ್ರಮಕ್ಕೆ ಸೇರಿಸಬಹುದಾ, ಇಂಥ ಜಾಗಗಳನ್ನು ಯಾರು ತಪಾಸಣೆ ಮಾಡುತ್ತಾರೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದಂತೆ ಮೊದಲು ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಕೇಳಿದೆ. ಆಶ್ರಮದವರು ತೋರಿಸಿದ್ದು ಟ್ರಸ್ಟ್ ಡೀಡ್, ಅಂದರೆ ಟ್ರಸ್ಟ್ ಸ್ಥಾಪಿಸಿದ ಪತ್ರ! ಟ್ರಸ್ಟ್ ನೋಂದಣಿ ಇದ್ದರೆ ದಾನ ತಗೋಬಹುದು, ಅಷ್ಟೇ. ರೋಗಿಗಳನ್ನು ಒಳಗಿಟ್ಟುಕೊಂಡು ಚಿಕಿತ್ಸೆ ಕೊಡುವ ಖಾಸಗಿ ಜಾಗಕ್ಕೆ 2007ರ ಕೆಪಿಎಂಇ ಕಾಯ್ದೆಯಡಿ ನೋಂದಣಿ ಬೇಕು. ಧರ್ಮಕ್ಕೆ ನಡೆಸುತ್ತೇವೆ ಅಂದರೆ ಮುಗಿಯಲ್ಲ.

ಅವರಿಗೆ ಕೇಳಿದ ಇನ್ನೊಂದು ಪ್ರಶ್ನೆ ಮಾರ್ಫಿನ್ ಬಗ್ಗೆ, ಅಂದರೆ ತೀವ್ರ ನೋವಿಗೆ ಕೊಡುವ ಪ್ರಬಲ ಔಷಧದ ಬಗ್ಗೆ. ನನ್ನ ಪ್ರಕಾರ ಇದೇ ಮುಖ್ಯ. 2014ರಲ್ಲಿ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಗೆ ತಿದ್ದುಪಡಿ ಆದಮೇಲೆ, ಮಾನ್ಯತೆ ಪಡೆದ ಸಂಸ್ಥೆಗಳು ಹಳೆಯ ಲೈಸೆನ್ಸ್‌ಗಳ ಗೋಜಲಿಲ್ಲದೆ ಅದನ್ನು ಇಟ್ಟುಕೊಳ್ಳಬಹುದು. ಇಲ್ಲಿ ಆ ಮಾನ್ಯತೆ ಇರಲಿಲ್ಲ. "ನೋವು ಜಾಸ್ತಿಯಾದರೆ ಪ್ಯಾರಾಸಿಟಮಾಲ್ ಕೊಡ್ತೀವಿ, ಭಜನೆ ಇರುತ್ತೆ" ಅಂದರು. ಭಜನೆ ಬೇಡ ಅಂತಲ್ಲ, ಆದರೆ ಮೂಳೆಗೆ ಹರಡಿದ ಕ್ಯಾನ್ಸರ್ ನೋವಿಗೆ ಇದು ಸಾಕಾ? ಮನಸ್ಸು ಒಳ್ಳೆಯದೇ ಇರಬಹುದು. ನಾನಂತೂ ಎದ್ದು ಬಂದೆ.

ಕೊನೆಗೆ ಬೆಂಗಳೂರಿನ ಮಾರತ್ತಹಳ್ಳಿ ಕಡೆಯ ಕರುಣಾಶ್ರಯಕ್ಕೆ ಫೋನ್ ಮಾಡಿದೆವು. ಅಲ್ಲಿ ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ. ವರದಿಗಳನ್ನು ನೋಡಿ ಸೇರಿಸಿಕೊಂಡರು. ದೊಡ್ಡಮ್ಮ ಈಗ ರಾತ್ರಿ ನಿದ್ದೆ ಮಾಡುತ್ತಾರೆ, ಕಾಫಿಗೆ ಸಕ್ಕರೆ ಕಮ್ಮಿ ಅಂತ ಜಗಳವೂ ಆಡುತ್ತಾರೆ.

ಆ ಆಶ್ರಮದ ಬಗ್ಗೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಬರೆದು ಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.