100 ಹೆಚ್‌ಪಿ ಆಸುಪಾಸಿನ ಇಂಜಿನ್, ಎರಡು ಸೀಟು, ಸ್ಪೀಡೂ ಬೇಕು ಮೈಲೇಜೂ ಬೇಕು: ಯಾವ ಹೋಮ್‌ಬಿಲ್ಟ್ ವಿಮಾನ ಕಟ್ಟಲಿ?

ಮಂಡ್ಯ_ಟು_ಓಹಾಯೋ

ಎಲ್ರಿಗೂ ನಮಸ್ಕಾರ. ನಾನು ಕೊಲಂಬಸ್ ಹತ್ರ ಇರೋದು, ಪ್ರೈವೇಟ್ ಪೈಲಟ್ ಲೈಸೆನ್ಸ್ ತಗೊಂಡು ಮೂರು ವರ್ಷ ಆಯ್ತು, ಇಲ್ಲೀವರ್ಗೂ ಬಾಡಿಗೆ ಸೆಸ್ನಾ 172ರಲ್ಲೇ ಹಾರಾಟ. ಗಂಟೆಗೆ ಎಂಟೊಂಬತ್ತು ಗ್ಯಾಲನ್ ಕುಡಿಯುತ್ತೆ, ಅದೂ ಅಲ್ದೆ ವೀಕೆಂಡಲ್ಲಿ ವಿಮಾನ ಸಿಗೋದೇ ಕಷ್ಟ. ಅಕ್ಕ ಶಿಕಾಗೋದಲ್ಲಿ ಇದಾಳೆ, ಅಮ್ಮ ಈಗ ಅವಳ ಜೊತೆ ಇರೋದು, ತಿಂಗಳಿಗೆ ಎರಡು ಸಲ ಆದ್ರೂ ಹೋಗ್ಬೇಕು ಅಂತ ಆಸೆ. ಸುಮಾರು 300 ಮೈಲಿ ದಾರಿ. ಹಾಗಾಗಿ ನಾನೇ ಒಂದು ಕಟ್ಟೋಣ ಅಂತ ನಿರ್ಧಾರ ಮಾಡಿದೀನಿ. ಗಂಟೆಗೆ 150 ಮೈಲಿ ಮೇಲೆ ಕ್ರೂಸ್ (ಮೇಲೆ ಹೋದ್ಮೇಲೆ ಒಂದೇ ಸಮ ಹಾರೋ ಸ್ಪೀಡು), 5 ಗ್ಯಾಲನ್ ಸುತ್ತಮುತ್ತ ಪೆಟ್ರೋಲ್, ನಾನು ಮತ್ತೆ ನನ್ ಹೆಂಡ್ತಿ ಒಂದೊಂದು ಬ್ಯಾಗ್ ಜೊತೆ. ಲಿಸ್ಟಲ್ಲಿ ಇರೋದು ಲಾಂಗ್-ಈಝೀ, ಸೋನೆಕ್ಸ್, ಆರ್‌ವಿ-9. ಹತ್ರದ ಏರ್‌ಫೀಲ್ಡ್ ರನ್‌ವೇ 2,400 ಅಡಿ, ಒಂದು ತುದೀಲಿ ಮರಗಳಿವೆ, ಹ್ಯಾಂಗರ್ ಮುಂದೆ ಸ್ವಲ್ಪ ದೂರ ಜಲ್ಲಿ ದಾರಿ. ಇನ್ನೊಂದು ಡೌಟು, ದೊಡ್ಡ ಇಂಜಿನ್ ಹಾಕಿದ್ರೆ ಬೇಗ ಹೋಗ್ಬಹುದಲ್ವಾ, ಅದನ್ನ ಕೈಬಿಡೋದು ತಪ್ಪಾ?

ಈಝೀ_ಹಳಬ

ನಾನು ಲಾಂಗ್-ಈಝೀ ಕಟ್ಟಿ ಹಾರಿಸ್ತಿರೋನು, ಓ-235 ಇಂಜಿನ್ನು, ಹಿಂದೆ ಪ್ರೊಪೆಲ್ಲರ್. ಮೇಲೆ ಹೋದ್ಮೇಲೆ ಇದರಂಥ ವಿಮಾನ ಇಲ್ಲ, ಇದನ್ನ ಮನಸಾರೆ ಹೇಳ್ತೀನಿ. 52 ಗ್ಯಾಲನ್ ಟ್ಯಾಂಕು, ನನ್ದು 180 ಮೈಲಿ ಹತ್ರ ಕ್ರೂಸ್ ಮಾಡುತ್ತೆ, ದಾರೀಲಿ ಪೆಟ್ರೋಲ್‌ಗೆ ಇಳಿಯೋ ಮಾತೇ ಇಲ್ಲ. 1997ರಲ್ಲಿ ಡಿಕ್ ರುಟಾನ್ ಮತ್ತೆ ಮೈಕ್ ಮೆಲ್ವಿಲ್ ಇಬ್ರೂ ಒಂದೊಂದು ಲಾಂಗ್-ಈಝೀಲಿ ಪ್ರಪಂಚ ಸುತ್ತಿ ಬಂದ್ರು. ಆದ್ರೂ ನಿನ್ ರನ್‌ವೇ ಓದಿದ ತಕ್ಷಣ ಬೇಡ ಅನ್ನಿಸ್ತು. ನಿಧಾನಕ್ಕೆ ಇಳಿಯೋಕೆ ರೆಕ್ಕೆ ಹಿಂದೆ ಕೆಳಕ್ಕೆ ಬಾಗೋ ಫ್ಲಾಪ್ ಇದ್ರಲ್ಲಿ ಇಲ್ಲ, ಇಳಿಯೋ ಸ್ಪೀಡ್ ಜಾಸ್ತಿ, ನೆಲ ಮುಟ್ಟಿದ್ಮೇಲೂ ಓಡ್ತಾನೇ ಇರುತ್ತೆ, 2,400 ಅಡಿ ಮರದ ಮೇಲಿಂದ ಅಂದ್ರೆ ಪ್ರತಿ ಸಲ ಎದೆ ಹೊಡ್ಕೊಳ್ಳುತ್ತೆ. ಜಲ್ಲಿ ಇನ್ನೂ ಕೆಟ್ಟದ್ದು, ಚಕ್ರ ಎಗರಿಸಿದ ಕಲ್ಲು ಸೀದಾ ಹಿಂದಿನ ಪ್ರೊಪೆಲ್ಲರ್‌ಗೇ ಹೋಗೋದು.

ಕಟ್ಟೋ ಕೆಲ್ಸದ ಬಗ್ಗೆನೂ ಹೇಳ್ಬೇಕು. ಇದನ್ನ ಡಿಸೈನ್ ಮಾಡಿದ ಬರ್ಟ್ ರುಟಾನ್ ಅವರ ಕಂಪನಿ ಪ್ಲಾನ್ ಮಾರೋದನ್ನ 1985ರಲ್ಲೇ ನಿಲ್ಲಿಸ್ತು. ನೀಲಿ ಫೋಮನ್ನ ಕಾದ ತಂತೀಲಿ ಕೊಯ್ದು, ಮೇಲೆ ಫೈಬರ್ ಗ್ಲಾಸ್ ಬಟ್ಟೆ ಹಾಸಿ ಎಪಾಕ್ಸಿ ಕುಡಿಸ್ಬೇಕು. ನನ್ ಕೆನಾರ್ಡ್ (ಮೂಗಿನ ಹತ್ರ ಇರೋ ಚಿಕ್ಕ ರೆಕ್ಕೆ) ಮೇಲ್ಗಡೆ ಹಾಸಿದ ರಾತ್ರಿ ಗ್ಯಾರೇಜ್ ತಣ್ಣಗಿತ್ತು, ಎಪಾಕ್ಸಿ ಜೇನಿನ ಥರ ಗಟ್ಟಿ, ಸರಿಯಾಗಿ ಇಳೀಲೇ ಇಲ್ಲ. ಬೆಳಿಗ್ಗೆ ನಾಣ್ಯ ತಗೊಂಡು ತಟ್ಕೊಂಡು ಬಂದೆ, ಎಲ್ಲಾ ಕಡೆ ಟಕ್ ಟಕ್, ಒಂದು ಅಂಗೈ ಅಗಲದಲ್ಲಿ ಮಾತ್ರ ಡಬ್ ಡಬ್. ಅಲ್ಲಿ ಗಾಳಿ ಉಳಿದಿತ್ತು. ಅಷ್ಟನ್ನೂ ಕೊಯ್ದು ತೆಗೆದು ಮತ್ತೆ ಹಾಸ್ದೆ, ಎರಡು ವಾರ ಹೋಯ್ತು. ಎಪಾಕ್ಸಿ ಅಲರ್ಜಿ ಬಂದು ಅರ್ಧಕ್ಕೇ ಬಿಟ್ಟೋರೂ ಇದಾರೆ, ಗ್ಲೌಸ್ ಇಲ್ದೆ ಮುಟ್ಲೇಬೇಡ. ಕಟ್ಟಿರೋದನ್ನ ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಕೆನಾರ್ಡ್ ಯಾವ್ದು ಅಂತ ಮೊದ್ಲು ಕೇಳು. ಹಳೇದು ಮಳೇಲಿ ನೆಂದ್ರೆ ಲಿಫ್ಟ್ ಕಮ್ಮಿ ಆಗಿ ಮೂಗು ಇಳಿಯುತ್ತೆ, ಆಮೇಲೆ ಬಂದ ರಾಂಝ್ ಕೆನಾರ್ಡಲ್ಲಿ ಆ ತೊಂದ್ರೆ ಸರಿ ಹೋಗಿದೆ.

ರಿವಿಟ್_ರಾಯ

ನಿನ್ ದೊಡ್ಡ ಇಂಜಿನ್ ಡೌಟ್‌ಗೆ ಮೊದ್ಲು ಬರ್ತೀನಿ, ಯಾಕಂದ್ರೆ ಎಲ್ರೂ ಎಡವೋದು ಅಲ್ಲೇ. 100 ಹೆಚ್‌ಪಿ ಇಂಜಿನ್ 65 ಪರ್ಸೆಂಟಲ್ಲಿ ಓಡಿಸಿದ್ರೆ 65 ಹೆಚ್‌ಪಿ. ಒಂದು ಹೆಚ್‌ಪಿಗೆ ಗಂಟೆಗೆ ಸುಮಾರು 0.45 ಪೌಂಡ್ ಪೆಟ್ರೋಲ್, ಅಲ್ಲಿಗೆ 29 ಪೌಂಡ್, ಗ್ಯಾಲನ್‌ಗೆ 6 ಪೌಂಡ್ ಅಂತ ಹಿಡಿದ್ರೆ ಹತ್ರತ್ರ 5 ಗ್ಯಾಲನ್. ಇದು ಯಾವ ವಿಮಾನದ ಮೂತಿಗೆ ಹಾಕಿದ್ರೂ ಹೆಚ್ಚುಕಮ್ಮಿ ಇಷ್ಟೇ. ಆ 5 ಗ್ಯಾಲನ್ನಲ್ಲಿ ಎಷ್ಟು ದೂರ ಹೋಗ್ತೀಯ ಅನ್ನೋದನ್ನ ತೀರ್ಮಾನ ಮಾಡೋದು ಮೈಕಟ್ಟು, ಇಂಜಿನ್ ಅಲ್ಲ. ಕ್ರೂಸ್ ಸ್ಪೀಡಲ್ಲಿ ಬೇಕಾಗೋ ಪವರ್ ಹೆಚ್ಚುಕಮ್ಮಿ ಸ್ಪೀಡಿನ ಘನದ ಲೆಕ್ಕದಲ್ಲಿ ಏರುತ್ತೆ, ಅಂದ್ರೆ 10 ಪರ್ಸೆಂಟ್ ಸ್ಪೀಡ್ ಜಾಸ್ತಿ ಬೇಕಂದ್ರೆ 33 ಪರ್ಸೆಂಟ್ ಪವರ್ ಜಾಸ್ತಿ ಬೇಕು. 150ರ ಬದ್ಲು 165 ಮೈಲೀಲಿ ಶಿಕಾಗೋಗೆ ಹೋದ್ರೆ ನಿಂಗೆ ಉಳಿಯೋದು ಹನ್ನೊಂದು ನಿಮಿಷ. ಆ ಹನ್ನೊಂದು ನಿಮಿಷಕ್ಕೆ ಭಾರದ ಇಂಜಿನ್, ಜಾಸ್ತಿ ದುಡ್ಡು, ಜೀವನ ಪೂರ್ತಿ ಜಾಸ್ತಿ ಪೆಟ್ರೋಲ್.

ಮೈಕಟ್ಟು ಏನ್ ಮಾಡುತ್ತೆ ಅಂತ ನೋಡ್ಬೇಕಂದ್ರೆ ಮೈಕ್ ಆರ್ನಾಲ್ಡ್ ಅವರ ಎಆರ್-5 ಬಗ್ಗೆ ಓದು. ಒಂದೇ ಸೀಟಿನದು, 65 ಹೆಚ್‌ಪಿ ರೋಟ್ಯಾಕ್ಸ್ ಟೂ ಸ್ಟ್ರೋಕ್, 1992ರಲ್ಲಿ ಗಂಟೆಗೆ 213 ಮೈಲಿ ದಾಟಿ ಅದರ ತೂಕದ ಕ್ಲಾಸಲ್ಲಿ ವಿಶ್ವದಾಖಲೆ ಮಾಡ್ತು. ರೆಕ್ಕೆ ಮೈ ಸೇರೋ ಜಾಗ, ಇಂಜಿನ್‌ಗೆ ಗಾಳಿ ಹೋಗಿ ಬರೋ ದಾರಿ, ಚಕ್ರದ ಮುಚ್ಚಳ, ಇಂಥದ್ದನ್ನ ಒಂದೊಂದಾಗಿ ನೀಟ್ ಮಾಡ್ತಾ ಹೋಗಿದ್ದಕ್ಕೇ ಅದು ಸಾಧ್ಯ ಆಗಿದ್ದು, ಅಂಥ ತಾಳ್ಮೆಗೆ ನಾನು ಕೈ ಮುಗೀತೀನಿ.

ಸೋನೆಕ್ಸ್ ಒಳ್ಳೇ ವಿಮಾನ, ಖರ್ಚೂ ಕಮ್ಮಿ, ಆದ್ರೆ 80 ಹೆಚ್‌ಪಿ ಫೋಕ್ಸ್‌ವ್ಯಾಗನ್ ಥರದ ಇಂಜಿನ್ ಹಾಕಿ ಇಬ್ರು ಬ್ಯಾಗ್ ಸಮೇತ ಜುಲೈ ಬಿಸಿಲಲ್ಲಿ ಏರೋವಾಗ ಸಿಲಿಂಡರ್ ಹೆಡ್ ಟೆಂಪರೇಚರ್ ಮೇಲೆ ಕಣ್ಣಿಟ್ಟೇ ಇರ್ಬೇಕು. ನಿನ್ ಕೆಲ್ಸಕ್ಕೆ ನಂಗೆ ಸರಿ ಅನ್ಸೋದು ಆರ್‌ವಿ-9. 118ರಿಂದ 160 ಹೆಚ್‌ಪಿವರೆಗೆ ಅಂತಲೇ ಡಿಸೈನ್ ಮಾಡಿರೋದು, ರೆಕ್ಕೆ ಉದ್ದ, ದೊಡ್ಡ ಫ್ಲಾಪು, ಸ್ಟಾಲ್ ಸ್ಪೀಡ್ (ಇದಕ್ಕಿಂತ ನಿಧಾನ ಆದ್ರೆ ರೆಕ್ಕೆ ಎತ್ತಿ ಹಿಡಿಯಲ್ಲ) 50 ಮೈಲಿ ಹತ್ರ, ನಿನ್ ಮರ ದಾಟಿ ಆರಾಮಾಗಿ ಇಳೀಬಹುದು. ಆ ರೆಕ್ಕೆಯ ಏರ್‌ಫಾಯಿಲ್, ಅಂದ್ರೆ ಅಡ್ಡ ಕೊಯ್ದ್ರೆ ಕಾಣೋ ಆಕಾರ, ಮಾಡಿದ್ದೂ ಹಳಬರು ಮೇಲೆ ಹೇಳಿದ ಅದೇ ಜಾನ್ ರಾಂಝ್. ಓ-235 ಸಾಕು, ಒಳ್ಳೇ ಕಂಡೀಷನ್ನಿಂದು ಸಿಕ್ಕೋವರ್ಗೂ ಕಾಯಿ.

ಜಕ್ಕೂರ್_ಹುಡ್ಗ

ಇಲ್ಲಿ ಲಾಂಗ್-ಈಝೀ ಹೆಸ್ರು ನೋಡಿ ಖುಷಿ ಆಯ್ತು. ನಮ್ ಬೆಂಗಳೂರಿನ ಎನ್‌ಎಎಲ್‌ನೋರು (ಸರ್ಕಾರದ ವಿಮಾನ ಸಂಶೋಧನಾ ಸಂಸ್ಥೆ) 80ರ ದಶಕದಲ್ಲಿ ಎಲ್‌ಸಿಆರ್‌ಎ ಅಂತ ಕಟ್ಟಿ ಹಾರಿಸಿದ್ದು ಇದೇ ಡಿಸೈನನ್ನ. ಈ ಫೈಬರ್, ಎಪಾಕ್ಸಿ ಥರದ ಕಾಂಪೋಸಿಟ್ ಕೆಲ್ಸ ಕೈಗೆ ಹತ್ತಿದ್ದು ಅಲ್ಲಿ, ಆಮೇಲೆ ಅವರದ್ದೇ ಎರಡು ಸೀಟಿನ ವಿಮಾನ ಹಂಸ ಬಂತು, 1993ರಲ್ಲಿ ಮೊದಲ ಹಾರಾಟ. ಒಂದು ಕೇಳ್ಬೇಕಿತ್ತು, ಕಟ್ಟಿ ಮುಗಿದ ದಿನಾನೇ ಹೆಂಡ್ತಿನ ಕೂರಿಸ್ಕೊಂಡು ಹೋಗ್ಬಹುದಾ ಅಲ್ಲಿ?

ರಿವಿಟ್_ರಾಯ

ಇಲ್ಲಪ್ಪ. ಮೊದ್ಲು ಟೆಸ್ಟ್ ಹಾರಾಟ, ಸರ್ಟಿಫೈಡ್ ಇಂಜಿನ್ ಪ್ರೊಪೆಲ್ಲರ್ ಜೋಡಿ ಆದ್ರೆ ಸಾಮಾನ್ಯವಾಗಿ 25 ಗಂಟೆ, ಇಲ್ಲಾಂದ್ರೆ 40, ಪ್ಯಾಸೆಂಜರ್ ಕೂರಿಸೋ ಹಾಗಿಲ್ಲ. ಓ-235 ಅಂದಿದ್ದಕ್ಕೆ ಇದೂ ಒಂದು ಕಾರಣ. ಇನ್ನೊಂದು, ಅರ್ಧಕ್ಕಿಂತ ಜಾಸ್ತಿ ಕೆಲ್ಸ ಹವ್ಯಾಸಕ್ಕೆ ಅಂತ ಕಟ್ಟೋರೇ ಮಾಡಿರ್ಬೇಕು. ಕಟ್ಟಿದೋನಿಗೆ ರಿಪೇರ್‌ಮ್ಯಾನ್ ಸರ್ಟಿಫಿಕೇಟ್ ಸಿಗುತ್ತೆ, ಆಗ ವರ್ಷಕ್ಕೊಂದು ಸಲದ ಇನ್ಸ್‌ಪೆಕ್ಷನ್ ತಾನೇ ಮಾಡ್ಕೋಬಹುದು. ಸೆಕೆಂಡ್ ಹ್ಯಾಂಡ್ ತಗೊಂಡೋನಿಗೆ ಕಟ್ಟಿದೋನ ಆ ಸರ್ಟಿಫಿಕೇಟ್ ಸಿಗಲ್ಲ.

ಮಂಡ್ಯ_ಟು_ಓಹಾಯೋ

ಆ ಹನ್ನೊಂದು ನಿಮಿಷದ ಲೆಕ್ಕ ಹೆಂಡ್ತಿಗೆ ತೋರಿಸ್ದೆ, ದೊಡ್ಡ ಇಂಜಿನ್ ಮಾತು ಮನೇಲಿ ಮುಗೀತು. ಲಾಂಗ್-ಈಝೀ ಬಿಡೋಕೆ ಹೊಟ್ಟೆ ಉರೀತಿದೆ, ಚಿಕ್ಕೋನಿದ್ದಾಗ ಪೇಪರ್ ಕಟಿಂಗ್ ಇಟ್ಕೊಂಡಿದ್ದೆ, ಆದ್ರೂ ಜಲ್ಲಿ ಇರೋ ಕಡೆ ಆಗಲ್ಲ. ಆರ್‌ವಿ-9 ಬಾಲದ ಕಿಟ್ ಮಾತ್ರ ಮೊದ್ಲು ತರಿಸ್ತಿದೀನಿ. ಟೂಲ್ಸಲ್ಲಿ ಕಾಸು ಉಳಿಸ್ಬಾರ್ದು ಅನ್ನೋದು ಯಾವ್ದು?

ರಿವಿಟ್_ರಾಯ

ರಿವಿಟ್ (ತಗಡು ಸೇರಿಸೋ ಮೊಳೆ) ಅಮುಕೋ ಸ್ಕ್ವೀಝರ್, ಒಳ್ಳೇದೇ ತಗೋ. ರಿವಿಟ್ ಹಾಕೋವರ್ಗೂ ತಗಡುಗಳನ್ನ ಸೇರಿಸಿ ಹಿಡಿಯೋ ಕ್ಲಿಪ್ಪು, ಕ್ಲೆಕೋ, 3/32 ಇಂಚಿಂದು ಮುನ್ನೂರಾದ್ರೂ ಇರ್ಲಿ, ಹಂಗಿದ್ದೂ ಸಾಲಲ್ಲ. ಮೊದಲ ತೂತು ಕೊರೆಯೋ ಮುಂಚೆ ಪ್ರಾಕ್ಟೀಸ್ ಕಿಟ್ ಒಂದು ಮಾಡು, ನಿಮ್ಮೂರಿನ ಇಎಎ (ವಿಮಾನ ಕಟ್ಟೋ ಹವ್ಯಾಸಿಗಳ ಸಂಘ) ಚಾಪ್ಟರಲ್ಲಿ ಟೆಕ್ನಿಕಲ್ ಕೌನ್ಸೆಲರ್ ಇದ್ರೆ ಕರೆದು ತೋರ್ಸು, ಅವರು ದುಡ್ಡು ತಗೊಳ್ಳಲ್ಲ. ಬಾಲದ ರಡರ್ (ಎಡಕ್ಕೆ ಬಲಕ್ಕೆ ತಿರುಗೋ ಹಲಗೆ) ಮುಗಿದ್ಮೇಲೆ ಫೋಟೋ ಹಾಕು.