ಜಾನ್ ವಿನ್‌ಥ್ರಾಪ್ ಸಂತತಿಯಲ್ಲಿ ಹೆಸರಾದವರು ಯಾರು? ಹರಿದಾಡುವ ಪಟ್ಟಿಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ: ತುಂಗಾತೀರ

ಮಗಳ ಮನೆಗೆಂದು ಬಾಸ್ಟನ್ನಿಗೆ ಬಂದು ಎರಡು ತಿಂಗಳಾಯಿತು. ಕಳೆದ ವಾರ ಟ್ರೆಮಾಂಟ್ ಬೀದಿಯಲ್ಲಿರುವ ಕಿಂಗ್ಸ್ ಚಾಪೆಲ್ ಪಕ್ಕದ ಹಳೆಯ ಸ್ಮಶಾನವನ್ನು ನೋಡಿ ಬಂದೆ. ಮ್ಯಾಸಚೂಸೆಟ್ಸ್ ಬೇ ವಸಾಹತಿನ ಗವರ್ನರ್ ಆಗಿದ್ದ ಜಾನ್ ವಿನ್‌ಥ್ರಾಪ್ ಅವರ ಸಮಾಧಿ ಅಲ್ಲಿದೆ. ಅದು ಅವರೊಬ್ಬರದೇ ಅಲ್ಲ, ಮಗ ಮತ್ತು ಮೊಮ್ಮಕ್ಕಳನ್ನೂ ಅಲ್ಲಿಯೇ ಮಣ್ಣು ಮಾಡಿದ್ದಾರೆ ಎಂದು ತಿಳಿದಾಗ ಈ ಮನೆತನದ ಮೇಲೆ ಕುತೂಹಲ ಹುಟ್ಟಿತು.

ಮನೆಗೆ ಬಂದು ಹುಡುಕಿದರೆ ಅವರ ವಂಶಸ್ಥರೆಂದು ಹೇಳುವ ಹಲವು ಪಟ್ಟಿಗಳು ಸಿಕ್ಕವು. ಒಂದರಲ್ಲಿ ಲಂಡನ್ನಿನ ಡೌನಿಂಗ್ ಬೀದಿಗೆ ಹೆಸರು ಕೊಟ್ಟವರಿದ್ದಾರೆ, ಇನ್ನೊಂದರಲ್ಲಿ ಅಮೆರಿಕದ ರಾಜಕಾರಣಿ ಜಾನ್ ಕೆರ್ರಿ ಇದ್ದಾರೆ, ಮತ್ತೊಂದರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದವರ ಹೆಸರುಗಳೂ ಸೇರಿಕೊಂಡಿವೆ. ಇವುಗಳಲ್ಲಿ ಯಾವುದು ನಿಜ, ಯಾವುದು ಹೆಣೆದದ್ದು ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಹಳೆಪುಟ

ಮೊದಲು ಬುಡವನ್ನು ಗಟ್ಟಿ ಮಾಡಿಕೊಳ್ಳೋಣ. ವಿನ್‌ಥ್ರಾಪ್ 1588ರಲ್ಲಿ ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದಲ್ಲಿ ಹುಟ್ಟಿದವರು, ಓದಿನಿಂದ ವಕೀಲರು. ಅವರು ಬಂದದ್ದು 1630ರಲ್ಲಿ, ಆರ್ಬೆಲ್ಲಾ ಎಂಬ ಹಡಗಿನಲ್ಲಿ. ಮೇಫ್ಲವರ್ ಅದಕ್ಕಿಂತ ಹತ್ತು ವರ್ಷ ಮೊದಲೇ ಪ್ಲಿಮತ್ ಎಂಬ ಬೇರೆಯೇ ವಸಾಹತಿಗೆ ಬಂದದ್ದು, ಅಲ್ಲಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್. ಈ ಎರಡು ವಸಾಹತುಗಳು ಒಂದಾದದ್ದು 1691ರ ಸನ್ನದಿನಿಂದ. ಆದ್ದರಿಂದ ಮೇಫ್ಲವರ್ ಹೆಸರುಗಳನ್ನು ಬೆರೆಸಿದ ಪಟ್ಟಿಯನ್ನು ನೀವು ಅಲ್ಲಿಗೇ ಬದಿಗಿಡಬಹುದು.

ವಿನ್‌ಥ್ರಾಪ್ ನಾಲ್ಕು ಬಾರಿ ಮದುವೆಯಾದರು, ಹುಟ್ಟಿದ ಮಕ್ಕಳು 16. ಬಹಳಷ್ಟು ಮಕ್ಕಳು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಬದುಕಿ ಬೆಳೆದವರಲ್ಲಿ ಹಿರಿಯ ಮಗನ ಹೆಸರೂ ಜಾನ್, ಹುಟ್ಟಿದ್ದು 1606ರಲ್ಲಿ. ನನ್ನ ಅಭಿಪ್ರಾಯದಲ್ಲಿ ಇಡೀ ಮನೆತನದಲ್ಲಿ ಬಹುಮುಖಿ ಎನ್ನಬಹುದಾದವರು ಇವರೇ. ಇಪ್ಸ್‌ವಿಚ್, ನ್ಯೂ ಲಂಡನ್ ಊರುಗಳನ್ನು ಕಟ್ಟಿದರು, ಕಬ್ಬಿಣದ ಕುಲುಮೆಗಳನ್ನು ಸ್ಥಾಪಿಸಲು ಓಡಾಡಿದರು, ರಸವಿದ್ಯೆ ಅಭ್ಯಾಸ ಮಾಡಿದರು, ಊರೂರಿನ ರೋಗಿಗಳಿಗೆ ಔಷಧಿ ಕೊಟ್ಟರು. ಕನೆಟಿಕಟ್‌ನ ಗವರ್ನರ್ ಆಗಿ ಲಂಡನ್ನಿಗೆ ಹೋಗಿ, ಎರಡನೆಯ ಚಾರ್ಲ್ಸ್ ದೊರೆಯಿಂದ 1662ರಲ್ಲಿ ವಸಾಹತಿಗೆ ಬಹುಮಟ್ಟಿಗೆ ಸ್ವಯಮಾಡಳಿತ ನೀಡುವ ಸನ್ನದನ್ನು ಪಡೆದು ತಂದರು. ಲಂಡನ್ನಿನ ವಿಜ್ಞಾನ ಸಂಘವಾದ ರಾಯಲ್ ಸೊಸೈಟಿಯ ಆರಂಭದ ಸದಸ್ಯರಲ್ಲಿ ಅವರೂ ಒಬ್ಬರು. ಅವರು ಹಾರ್ವರ್ಡ್ ಕಾಲೇಜಿಗೆ ದಾನ ಕೊಟ್ಟ ದೂರದರ್ಶಕದಿಂದ 1680ರ ಧೂಮಕೇತುವನ್ನು ಅಲ್ಲಿನವರು ನೋಡಿ ಬರೆದಿಟ್ಟ ಲೆಕ್ಕವನ್ನು ನ್ಯೂಟನ್ ತಮ್ಮ ಪ್ರಿನ್ಸಿಪಿಯಾದಲ್ಲಿ ಬಳಸಿಕೊಂಡರು.

ಕಿರಿಯ ಜಾನ್ ಅವರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವರು ಫಿಟ್ಸ್-ಜಾನ್, 1698ರಿಂದ 1707ರಲ್ಲಿ ತೀರಿಕೊಳ್ಳುವವರೆಗೆ ಕನೆಟಿಕಟ್‌ನ ಗವರ್ನರ್. ಅಲ್ಲಿಗೆ ಸತತ ಮೂರು ತಲೆಮಾರು ಗವರ್ನರ್‌ಗಿರಿ ಆದಂತಾಯಿತು. ಚಿಕ್ಕವರು ವೇಟ್ ಸ್ಟಿಲ್, ಮುಂದೆ ಮ್ಯಾಸಚೂಸೆಟ್ಸ್‌ನ ಮುಖ್ಯ ನ್ಯಾಯಾಧೀಶರಾದವರು. ನೀವು ನೋಡಿದ ಸಮಾಧಿಯಲ್ಲಿ ಇವರೆಲ್ಲರೂ ಇದ್ದಾರೆ.

ಈ ವೇಟ್ ಸ್ಟಿಲ್ ಹೆಸರನ್ನು ಪಟ್ಟಿ ಮಾಡುವವರು ಬೇಗ ದಾಟಿಬಿಡುತ್ತಾರೆ, ಕಾರಣವೂ ಇದೆ. 1692ರಲ್ಲಿ ಸೇಲಂನಲ್ಲಿ (ತಮಿಳುನಾಡಿನದಲ್ಲ, ಮ್ಯಾಸಚೂಸೆಟ್ಸ್‌ನದು) ಮಾಟಗಾತಿಯರೆಂದು ಜನರನ್ನು ವಿಚಾರಣೆಗೆ ಎಳೆದು 19 ಮಂದಿಯನ್ನು ಗಲ್ಲಿಗೇರಿಸಿದ ನ್ಯಾಯಮಂಡಳಿಯಲ್ಲಿ ಅವರೂ ಕುಳಿತಿದ್ದರು. ಅವರ ತಂದೆಯ ನಡೆ ಇದಕ್ಕೆ ಪೂರ್ತಿ ತಿರುಗುಮುರುಗು. ಸನ್ನದಿಗಾಗಿ ತಂದೆ ಲಂಡನ್ನಿನಲ್ಲಿದ್ದಾಗ ಹಾರ್ಟ್‌ಫರ್ಡ್‌ನಲ್ಲಿ ಇಂಥದೇ ಹುಯಿಲೆದ್ದು ಕೆಲವರು ಗಲ್ಲಿಗೇರಿದ್ದರು. ಅವರು 1663ರಲ್ಲಿ ಮರಳಿದ ಮೇಲೆ ಕನೆಟಿಕಟ್‌ನಲ್ಲಿ ಆ ಆರೋಪದ ಮೇಲೆ ಯಾರನ್ನೂ ಗಲ್ಲಿಗೇರಿಸಲಿಲ್ಲ. ಕ್ಯಾಥರೀನ್ ಹ್ಯಾರಿಸನ್ ಎಂಬ ವಿಧವೆಯನ್ನು ಜ್ಯೂರಿ ತಪ್ಪಿತಸ್ಥೆ ಎಂದಿದ್ದರೂ 1670ರಲ್ಲಿ ಅವರಿದ್ದ ನ್ಯಾಯಾಲಯ ಅದನ್ನು ಒಪ್ಪದೆ, ಊರು ಬಿಟ್ಟು ಹೋಗಿ ಬದುಕಿಕೊಳ್ಳುವಂತೆ ಹೇಳಿತು. ತಂದೆ ಮಕ್ಕಳ ನಡುವೆ ಒಂದೇ ತಲೆಮಾರಿನಲ್ಲಿ ಇಷ್ಟು ಅಂತರ ಬಂದದ್ದು ಹೇಗೆ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಉತ್ತರ: ಬೀಗರ ಲೆಕ್ಕ

ಹಳೆಪುಟ ಅವರು ಗಂಡು ಸಂತತಿಯನ್ನು ಚೆನ್ನಾಗಿ ವಿವರಿಸಿದ್ದಾರೆ. ಪಟ್ಟಿಗಳು ಎಡವುವುದು ನೆಂಟಸ್ತಿಕೆಯ ಲೆಕ್ಕದಲ್ಲಿ, ಆದ್ದರಿಂದ ಅದನ್ನು ನಾನು ಸೇರಿಸುತ್ತೇನೆ.

ಡೌನಿಂಗ್ ಬೀದಿಯ ಸರ್ ಜಾರ್ಜ್ ಡೌನಿಂಗ್ ಅವರು ಗವರ್ನರ್ ಅವರ ತಂಗಿ ಲೂಸಿಯ ಮಗ. ಅಂದರೆ ಸೋದರಳಿಯ, ವಂಶಸ್ಥರಲ್ಲ. ಹಾರ್ವರ್ಡ್‌ನಿಂದ 1642ರಲ್ಲಿ ಹೊರಬಂದ ಮೊದಲ ತಂಡದ ಪದವೀಧರರಲ್ಲಿ ಅವರೊಬ್ಬರು ಎಂಬುದು ನಿಜ, ಆದರೆ ಈ ಪಟ್ಟಿಗೆ ಅದರಿಂದ ಏನೂ ಆಗುವುದಿಲ್ಲ. ಇಂಗ್ಲಿಷಿನಲ್ಲಿ ಅಣ್ಣನ ಮಗನಿಗೂ ತಂಗಿಯ ಮಗನಿಗೂ ಒಂದೇ ಪದವಾದ್ದರಿಂದ ಅವಸರದಲ್ಲಿ ಓದುವವರು ಅವನನ್ನು ಮನೆಯ ಕುಡಿಯೆಂದೇ ಎಣಿಸಿಬಿಡುತ್ತಾರೆ. ನಮ್ಮಲ್ಲಿ ಸೋದರಳಿಯ ಎಂದ ಕೂಡಲೇ ಬೇರೆ ಮನೆಯವನೆಂಬುದು ತಾನೇ ತಿಳಿಯುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಎಲಿಜಬೆತ್ ಫೋನ್ಸ್ ಅವರದು. ಗವರ್ನರ್ ಅವರ ಮಗ ಹೆನ್ರಿ ಮದುವೆಯಾದದ್ದು ತನ್ನ ಸೋದರತ್ತೆಯ ಮಗಳಾದ ಈ ಎಲಿಜಬೆತ್ ಅವರನ್ನು. ನಮ್ಮ ಕಡೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ, ಆದರೆ ಅಂದಿನ ಪ್ಯೂರಿಟನ್ (ಕಟ್ಟುನಿಟ್ಟಿನ ಪ್ರಾಟೆಸ್ಟೆಂಟ್ ಪಂಥದ) ಮನೆಗೆ ಅದು ಇರಿಸುಮುರಿಸಿನ ಸಂಗತಿ. ಹೆನ್ರಿ 1630ರ ಜುಲೈನಲ್ಲಿ ಅಮೆರಿಕದ ನೆಲವನ್ನು ಮುಟ್ಟಿದ ಬೆನ್ನಲ್ಲೇ ಸೇಲಂ ಬಳಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಎಲಿಜಬೆತ್ ಮುಂದೆ ರಾಬರ್ಟ್ ಫೀಕ್ ಅವರನ್ನು ಮದುವೆಯಾಗಿ ಕನೆಟಿಕಟ್‌ನ ಗ್ರೀನಿಚ್ ಊರಿನ ಸ್ಥಾಪನೆಯಲ್ಲಿ ಪಾಲುಗೊಂಡರು. ಫೀಕ್ ಮಕ್ಕಳ ಸಂತತಿಯವರು ತಮ್ಮನ್ನು ಗವರ್ನರ್ ವಂಶಸ್ಥರೆಂದು ಕರೆದುಕೊಂಡರೆ ತಪ್ಪಾಗುತ್ತದೆ. ಅವರದು ಗವರ್ನರ್ ಅವರ ತಂದೆಯ ಸಂತತಿ, ಗವರ್ನರ್ ಅವರದಲ್ಲ. ಹೆನ್ರಿಗೆ ಹುಟ್ಟಿದ ಒಬ್ಬಳೇ ಮಗಳು ಮಾರ್ಥಾ ಜೊಹಾನಾ ಅವರ ಕವಲಿಗೆ ಮಾತ್ರ ಆ ಹಕ್ಕು ಇದೆ.

ಕೆರ್ರಿ ವಿಷಯ ಸರಿಯಾಗಿದೆ. ಅವರ ತಾಯಿಯ ತಾಯಿ ಹುಟ್ಟಿನಿಂದ ವಿನ್‌ಥ್ರಾಪ್ ಮನೆಯವರು, ಹೆಸರು ಮಾರ್ಗರೆಟ್ ಟಿಂಡಲ್ ವಿನ್‌ಥ್ರಾಪ್. ಗವರ್ನರ್ ಅವರ ಮೂರನೆಯ ಹೆಂಡತಿಯ ಹೆಸರೂ ಮಾರ್ಗರೆಟ್ ಟಿಂಡಲ್. ಎರಡೂವರೆ ಶತಮಾನ ಕಳೆದ ಮೇಲೂ ಮನೆಯ ಹೆಣ್ಣುಮಗುವಿಗೆ ಅದೇ ಹೆಸರನ್ನು ಪೂರ್ತಿಯಾಗಿ ಇಟ್ಟಿದ್ದಾರೆ. ಕೆರ್ರಿ ಅವರ ತಂದೆಯ ಕಡೆಯ ಅಜ್ಜನಾದರೋ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿ, ಕೋನ್ ಎಂಬ ಮನೆಹೆಸರನ್ನು ಕೆರ್ರಿ ಎಂದು ಬದಲಿಸಿಕೊಂಡವರು. 2004ರಲ್ಲಿ ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸಿದಾಗ ಪತ್ರಿಕೆಗಳಿಗೆ ಎರಡೂ ಕಡೆಯ ಕಥೆ ಸಿಕ್ಕಿತ್ತು.

ಉತ್ತರ: ನಕ್ಷತ್ರಿಕ

ಯಾವ ಪಟ್ಟಿಯೂ ಸಾಕಷ್ಟು ಗೌರವ ಕೊಡದ ಒಬ್ಬರಿದ್ದಾರೆ. ಗವರ್ನರ್ ಅವರ ಮಗ ಆಡಂ, ಆಡಂ ಅವರ ಮಗ ಆಡಂ, ಅವರ ಮಗನೂ ಆಡಂ. ಹೆಸರಿಗೆ ಬರ ಬಂದಿತ್ತೇನೋ ಎನ್ನಿಸುವ ಈ ಸಾಲಿನ ಕೊನೆಯಲ್ಲಿ 1714ರಲ್ಲಿ ಹುಟ್ಟಿದವರು ಇನ್ನೊಬ್ಬ ಜಾನ್ ವಿನ್‌ಥ್ರಾಪ್. 1738ರಿಂದ ಜೀವನದ ಕೊನೆಯವರೆಗೆ ಹಾರ್ವರ್ಡ್‌ನಲ್ಲಿ ಗಣಿತ ಮತ್ತು ಭೌತವಿಜ್ಞಾನದ ಪ್ರಾಧ್ಯಾಪಕರು.

1755ರ ನವೆಂಬರಿನಲ್ಲಿ ಬಾಸ್ಟನ್ ನಡುಗಿತು. ದೇವರ ಕೋಪವೆಂದು ಬೋಧಕರು ವ್ಯಾಖ್ಯಾನಿಸಿದರು, ಊರಿನಲ್ಲಿ ಮಿಂಚುನಿರೋಧಕ ಕಂಬಿಗಳು ಹೆಚ್ಚಾಗಿ ವಿದ್ಯುತ್ತು ನೆಲಕ್ಕಿಳಿದದ್ದೇ ಕಾರಣವಿರಬಹುದೆಂದು ಒಬ್ಬ ಬೋಧಕರು ಬರೆದರು. ವಿನ್‌ಥ್ರಾಪ್ ಮಾತ್ರ ತಮ್ಮ ಮನೆಯ ಒಲೆಗೂಡಿನ ಮುಂದೆ ಕುಳಿತಿದ್ದಾಗ ಮರುನಡುಕವೊಂದು ಬಂದು, ನೆಲದ ಇಟ್ಟಿಗೆಗಳು ಒಂದರ ಹಿಂದೆ ಒಂದು ಎದ್ದು ಮತ್ತೆ ತಮ್ಮ ಜಾಗಕ್ಕೆ ಕೂರುವುದನ್ನು ಕಂಡರು. ಭೂಮಿಯಲ್ಲಿ ಅಲೆಯೊಂದು ಹಾದುಹೋಗುತ್ತಿದೆ ಎಂದು ಅದರಿಂದ ತಿಳಿದುಕೊಂಡರು. ಮುತ್ತಜ್ಜನ ತಂದೆಯಾದ ಗವರ್ನರ್ ತಮ್ಮ ದಿನಚರಿಯಲ್ಲಿ ಪ್ರತಿ ಅವಘಡಕ್ಕೂ ದೈವದ ಸಂಕೇತವನ್ನು ಹುಡುಕುತ್ತಿದ್ದವರು. ಆ ಮನೆಯಲ್ಲೇ ಇಟ್ಟಿಗೆಯನ್ನು ನೋಡುವ ಕಣ್ಣು ಬಂದದ್ದು ನನಗೆ ಬಲು ಇಷ್ಟವಾದ ಸಂಗತಿ.

1761ರ ಜೂನ್ 6ರ ಶುಕ್ರ ಸಂಕ್ರಮಣವನ್ನು, ಅಂದರೆ ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವುದನ್ನು, ನೋಡಲು ಅವರು ಇಬ್ಬರು ವಿದ್ಯಾರ್ಥಿಗಳೊಂದಿಗೆ ನ್ಯೂಫೌಂಡ್‌ಲ್ಯಾಂಡ್‌ನ ಸೇಂಟ್ ಜಾನ್ಸ್‌ಗೆ ಹೋದರು, ವಸಾಹತಿನ ಸರ್ಕಾರವೇ ಹಡಗನ್ನು ಒದಗಿಸಿತು. ಕಚ್ಚುವ ಹುಳುಗಳ ಕಾಟದ ನಡುವೆ ಗುಡ್ಡದ ಮೇಲೆ ಡೇರೆ ಹಾಕಿ ಬೆಳಗಿನ ಸೂರ್ಯಬಿಂಬದ ಮೇಲೆ ಆ ಕರಿಚುಕ್ಕೆಯನ್ನು ಅಳೆದರು. ಅದೇ ಸಂಕ್ರಮಣವನ್ನು ಮದರಾಸಿನಿಂದಲೂ ಅಳೆದವರಿದ್ದಾರೆ ಎಂಬುದನ್ನು ನಮ್ಮ ಕಡೆಯ ಓದುಗರಿಗಾಗಿ ಹೇಳುತ್ತಿದ್ದೇನೆ.

ಮರುಪ್ರಶ್ನೆ: ತುಂಗಾತೀರ

ಮೂವರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹವಿದೆ. ಮಗಳ ಸಹೋದ್ಯೋಗಿಯೊಬ್ಬರು ತಮ್ಮ ಅಜ್ಜಿಯ ಕಡೆಯಿಂದ ತಾವೂ ವಿನ್‌ಥ್ರಾಪ್ ಸಂತತಿಯೆಂದು ಹೇಳುತ್ತಾರೆ. ಇದನ್ನು ನಂಬುವುದು ಹೇಗೆ? ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಆ ಹೆಸರಿನ ದೊಡ್ಡವರು ಯಾರೂ ಇರಲಿಲ್ಲವೆ?

ಉತ್ತರ: ಹಳೆಪುಟ

ಹತ್ತೊಂಬತ್ತನೆಯ ಶತಮಾನದ ದೊಡ್ಡ ಹೆಸರು ರಾಬರ್ಟ್ ಚಾರ್ಲ್ಸ್ ವಿನ್‌ಥ್ರಾಪ್ ಅವರದು. ಸೇಲಂ ನ್ಯಾಯಾಧೀಶ ವೇಟ್ ಸ್ಟಿಲ್ ಅವರ ಕವಲಿನವರು, 1847ರಿಂದ 1849ರವರೆಗೆ ಅಮೆರಿಕದ ಪ್ರತಿನಿಧಿ ಸಭೆಯ ಸಭಾಧ್ಯಕ್ಷರು. ವಾಷಿಂಗ್ಟನ್ ಸ್ಮಾರಕಕ್ಕೆ 1848ರ ಜುಲೈ 4ರಂದು ಅಡಿಗಲ್ಲು ಇಟ್ಟಾಗ ಭಾಷಣ ಮಾಡಿದವರು ಅವರೇ. ಕೆಲಸ ಮುಗಿದು 1885ರಲ್ಲಿ ಲೋಕಾರ್ಪಣೆಯಾಗುವ ಹೊತ್ತಿಗೆ ಮತ್ತೆ ಅವರನ್ನೇ ಕೇಳಿಕೊಂಡರು, ಭಾಷಣ ಬರೆದರು, ಆದರೆ ಕಾಯಿಲೆಯಿಂದಾಗಿ ಅದನ್ನು ಬೇರೊಬ್ಬರು ಓದಬೇಕಾಯಿತು. ದಕ್ಷಿಣ ಕ್ಯಾರೊಲಿನಾದ ವಿನ್‌ಥ್ರಾಪ್ ವಿಶ್ವವಿದ್ಯಾಲಯದ ಹೆಸರು ಇವರದು, ಗವರ್ನರ್ ಅವರದಲ್ಲ. ನಿಮ್ಮ ವಿಮಾನ ಇಳಿದ ಲೋಗನ್ ನಿಲ್ದಾಣದ ಪಕ್ಕದ ವಿನ್‌ಥ್ರಾಪ್ ಊರು ಗವರ್ನರ್ ಅವರ ಮಗ ಡೀನ್ ವಾಸವಿದ್ದ ಜಾಗ.

ಪಟ್ಟಿಗಳು ಹೊಗಳಿಕೆಗೆ ನಿಲ್ಲುವುದರಿಂದ ಇದನ್ನೂ ಬರೆಯಬೇಕು. ಗವರ್ನರ್ ಅವರ ಮನೆಯಲ್ಲಿ ಸ್ಥಳೀಯ ಪೀಕ್ವಾಟ್ ಬುಡಕಟ್ಟಿನ ಜೊತೆ 1637ರಲ್ಲಿ ನಡೆದ ಯುದ್ಧದ ಸೆರೆಯಾಳುಗಳು ಗುಲಾಮರಾಗಿದ್ದರು. ಇನ್ನೊಬ್ಬ ಮಗ ಸ್ಯಾಮ್ಯುಯೆಲ್ ಆಂಟಿಗುವಾ ದ್ವೀಪದಲ್ಲಿ ಗುಲಾಮರ ದುಡಿಮೆಯ ಕಬ್ಬಿನ ತೋಟ ಮಾಡಿ ಅಲ್ಲಿನ ಉಪಗವರ್ನರ್ ಆದರು.

ನಿಮ್ಮ ಮಗಳ ಸಹೋದ್ಯೋಗಿಯ ಮಾತು ಅಸಂಭವವೇನೂ ಅಲ್ಲ. ಹನ್ನೆರಡು ತಲೆಮಾರು ಹಿಂದಕ್ಕೆ ಹೋದರೆ ಪ್ರತಿಯೊಬ್ಬರಿಗೂ ಪೂರ್ವಜರ 4096 ಸ್ಥಾನಗಳಿರುತ್ತವೆ, ಅವುಗಳಲ್ಲಿ ಒಂದರಲ್ಲಿ ವಿನ್‌ಥ್ರಾಪ್ ಇರುವುದು ಹಳೆಯ ನ್ಯೂ ಇಂಗ್ಲೆಂಡ್ ಕುಟುಂಬಕ್ಕೆ ದೊಡ್ಡ ಮಾತಲ್ಲ. ಮನೆಹೆಸರು ಉಳಿಯದ ಹೆಣ್ಣುಮಕ್ಕಳ ಕವಲುಗಳಲ್ಲಿಯೇ ಹೆಚ್ಚಿನ ಸಂತತಿ ಹರಡಿದೆ, ಹಾಗಾಗಿ ಅಜ್ಜಿಯ ಕಡೆ ಎಂದದ್ದು ನಂಬಿಕೆಯನ್ನು ಕಡಿಮೆ ಮಾಡಬೇಕಿಲ್ಲ. ಆದರೆ ಪ್ರತಿ ತಲೆಮಾರಿಗೂ ಜನನ, ಮದುವೆ, ಮರಣದ ದಾಖಲೆ ಬೇಕು. ಒಂದು ಕೊಂಡಿ ಕಳಚಿದರೂ ಅದು ಮನೆಯ ಮಾತಾಗಿಯೇ ಉಳಿಯುತ್ತದೆ. 1845ರಲ್ಲಿ ಹುಟ್ಟಿದ ನ್ಯೂ ಇಂಗ್ಲೆಂಡ್ ವಂಶಾವಳಿ ಸಂಘದ ಗ್ರಂಥಾಲಯ ನ್ಯೂಬರಿ ಬೀದಿಯಲ್ಲಿದೆ, ಅವರನ್ನು ಅಲ್ಲಿಗೆ ಕಳಿಸಿ.

ನೀವು ಮಾತ್ರ ಬಾಯ್ಲ್‌ಸ್ಟನ್ ಬೀದಿಯ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಗೆ ಹೋಗಿ ಬನ್ನಿ. ರಾಬರ್ಟ್ ಚಾರ್ಲ್ಸ್ ಮೂವತ್ತು ವರ್ಷ ಅದರ ಅಧ್ಯಕ್ಷರಾಗಿದ್ದರು, ಮನೆತನದ ಕಾಗದಪತ್ರಗಳು ಅಲ್ಲಿವೆ. ಗವರ್ನರ್ ದಿನಚರಿ ಬರೆದದ್ದು ಮೂರು ಪುಸ್ತಕಗಳಲ್ಲಿ. ಮೂರನೆಯದು ಎಲ್ಲಿದೆಯೆಂದೇ ತಿಳಿಯದೆ ಹೋಗಿ, 1816ರಲ್ಲಿ ಓಲ್ಡ್ ಸೌತ್ ಚರ್ಚಿನ ಗೋಪುರದಲ್ಲಿ ಸಿಕ್ಕಿತು. ಎರಡನೆಯದು 1825ರಲ್ಲಿ ದಿನಚರಿಯ ಸಂಪಾದಕರ ಕಚೇರಿಗೆ ಬೆಂಕಿ ಬಿದ್ದು ಸುಟ್ಟುಹೋಯಿತು. ಅದರಲ್ಲಿದ್ದದ್ದು ಇಂದು ನಮಗೆ ತಿಳಿದಿರುವುದು ಅದಕ್ಕೂ ಮೊದಲೇ, 1790ರಲ್ಲಿ, ಅದನ್ನು ಅಚ್ಚು ಹಾಕಿಸಿದ್ದರಿಂದ. ಹಾಗೆ ಅಚ್ಚು ಹಾಕಿಸಿದವರು ನಿಘಂಟುಕಾರ ನೋವಾ ವೆಬ್‌ಸ್ಟರ್. ಅವರು ತಾಯಿಯ ಕಡೆಯಿಂದ ಪ್ಲಿಮತ್‌ನ ಬ್ರಾಡ್‌ಫರ್ಡ್ ಸಂತತಿಯವರು.